ತೀವ್ರ ಮಾನಸಿಕ ಕಾಯಿಲೆ ಇರುವವರು ಬೀಡಿ ಬಿಡುವ ಸಾಧ್ಯತೆ ಎಷ್ಟು? ಅಂದಾಜು ಮಾಡುವ ಬಗೆ, ಆಮೇಲೆ ಮಾಡಬೇಕಾದ ಕೆಲಸ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮನೋರೋಗ ವಿಭಾಗಗಳ ಮುಂದೆ ಸರದಿಗಾಗಿ ಕುಳಿತ ಮನೆಮಂದಿಯನ್ನು ಬೀಡಿಯ ಬಗ್ಗೆ ಕೇಳಿ ನೋಡಿ. ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ‘ಇವನ ಕೈಯಲ್ಲಿ ಅದು ಆಗದ ಮಾತು’ ಎಂಬುದು ಒಂದು. ‘ಬಿಡಿಸಿದರೆ ತಲೆ ಮತ್ತೆ ಕೆಡುತ್ತದೆ, ಸೇದಿಕೊಂಡು ಇರಲಿ’ ಎಂಬುದು ಇನ್ನೊಂದು. ಎರಡೂ ಭವಿಷ್ಯವಾಣಿಗಳೇ. ಎರಡನ್ನೂ ಯಾರೂ ಪರೀಕ್ಷಿಸಿರುವುದಿಲ್ಲ. ಆದರೂ ಅವುಗಳ ಬಲದ ಮೇಲೆ ಒಬ್ಬ ಮನುಷ್ಯನ ಆಯುಷ್ಯದ ತೀರ್ಮಾನ ನಡೆದುಹೋಗುತ್ತದೆ.

ಆಯುಷ್ಯ ಎಂದದ್ದು ಉತ್ಪ್ರೇಕ್ಷೆಯಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರನ್ನು ಹೆಚ್ಚಾಗಿ ಕೊಲ್ಲುವುದು ಹೃದಯ ಮತ್ತು ಶ್ವಾಸಕೋಶದ ರೋಗಗಳು. ಅದರಲ್ಲಿ ತಂಬಾಕಿನ ಹೊಗೆಯ ಪಾಲು ದೊಡ್ಡದು. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಗೆ ವರ್ಷಗಟ್ಟಲೆ ತಪ್ಪದೆ ಮಾತ್ರೆ ಕೊಡಿಸುವ ಮನೆಯವರು ಬೀಡಿಯ ವಿಷಯದಲ್ಲಿ ಮಾತ್ರ ಕೈಚೆಲ್ಲುವುದನ್ನು ಕಂಡಾಗ ಸಂಕಟವಾಗುತ್ತದೆ.

ಮನೆಯಲ್ಲಿ ಅಂಥ ರೋಗಿಯನ್ನು ನೋಡಿಕೊಳ್ಳುವವರಿಗೆ, ಆಶಾ ಕಾರ್ಯಕರ್ತೆಯರಿಗೆ, ಆಪ್ತಸಮಾಲೋಚಕರಿಗೆ ಮತ್ತು ಬಿಡಬೇಕೆಂದಿರುವ ರೋಗಿಗಳಿಗೇ ಈ ಬರಹ. ತೊಗರಿ ಹೂ ಬಿಟ್ಟಾಗ ನಮ್ಮ ರೈತ ಹೊಲದ ಬದುವಿನ ಮೇಲೆ ನಿಂತು ಇಳುವರಿಯ ಅಂದಾಜು ಹಾಕುತ್ತಾನೆ. ಮಂಜು ಬಿದ್ದು ಹೂ ಉದುರಿದರೆ ಹೊಲ ಬಿಟ್ಟು ಹೋಗುವುದಿಲ್ಲ, ಏನು ಮಾಡಿದರೆ ಉಳಿದೀತು ಎಂದು ನೋಡುತ್ತಾನೆ. ಇಲ್ಲಿ ಹೇಳುವ ಅಂದಾಜೂ ಅದೇ ಕೆಲಸಕ್ಕೆ. ಯಾರಿಗೆ ಸಹಾಯ ಬೇಡ ಎಂದು ಆರಿಸುವುದಕ್ಕೆ ಇದನ್ನು ಬಳಸಬೇಡಿ. ಯಾರಿಗೆ ಎಲ್ಲಿ ಹೆಚ್ಚು ಆಸರೆ ಬೇಕು ಎಂದು ತಿಳಿಯುವುದಕ್ಕೆ ಬಳಸಿ.

ಮೊದಲ ಹೆಜ್ಜೆ: ನೂರರಲ್ಲಿ ಎಷ್ಟು ಜನ ಬಿಡುತ್ತಾರೆ ಎಂಬುದನ್ನು ತಿಳಿದುಕೊಳ್ಳಿ

ಒಬ್ಬ ವ್ಯಕ್ತಿಯ ಬಗ್ಗೆ ಹೇಳುವ ಮೊದಲು ಅವನಂಥ ನೂರು ಜನರಿಗೆ ಏನಾಯಿತು ಎಂದು ನೋಡಬೇಕು. ಈ ಹೆಜ್ಜೆ ಬಿಟ್ಟರೆ ಅಂದಾಜು ಆಸೆಯಾಗುತ್ತದೆ, ಇಲ್ಲವೇ ನಿರಾಶೆಯಾಗುತ್ತದೆ.

2016ರಲ್ಲಿ ಪ್ರಕಟವಾದ ‘ಈಗಲ್ಸ್’ ಎಂಬ ದೊಡ್ಡ ಅಧ್ಯಯನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಧೂಮಪಾನಿಗಳಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮಾನಸಿಕ ಕಾಯಿಲೆಯ ಇತಿಹಾಸವಿತ್ತು. ಆ ಗುಂಪಿನಲ್ಲಿ 9ನೇ ವಾರದಿಂದ 24ನೇ ವಾರದವರೆಗೆ ಒಂದೂ ಸಿಗರೇಟ್ ಸೇದದೆ ಉಳಿದವರು ಹುಸಿಮಾತ್ರೆ (ಔಷಧವೇ ಇಲ್ಲದ ಮಾತ್ರೆ) ಪಡೆದವರಲ್ಲಿ ನೂರಕ್ಕೆ ಸುಮಾರು 8, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಹಚ್ಚಿಕೊಂಡವರಲ್ಲಿ 13, ತಂಬಾಕು ಬಿಡಲು ಕೊಡುವ ಬುಪ್ರೋಪಿಯಾನ್ ಮಾತ್ರೆಯವರಲ್ಲಿ ಸುಮಾರು 14, ಅದೇ ಕೆಲಸದ ವರೆನಿಕ್ಲಿನ್ ಮಾತ್ರೆಯವರಲ್ಲಿ ಸುಮಾರು 18. ಅವರೆಲ್ಲರ ಕಾಯಿಲೆ ಆಗ ಹತೋಟಿಯಲ್ಲಿತ್ತು ಎಂಬುದನ್ನು ನೆನಪಿಡಿ. ಬ್ರಿಟನ್ನಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದ 526 ಜನರನ್ನು ಸೇರಿಸಿಕೊಂಡ ಇನ್ನೊಂದು ಅಧ್ಯಯನ 2019ರಲ್ಲಿ ಬಂತು. ಮಾನಸಿಕ ಆರೋಗ್ಯದ ತರಬೇತಿ ಪಡೆದ ಕಾರ್ಯಕರ್ತರು ರೋಗಿಯ ಅನುಕೂಲಕ್ಕೆ ತಕ್ಕಂತೆ ಬೆನ್ನಿಗೆ ನಿಂತಾಗ ಆರು ತಿಂಗಳಿಗೆ ನೂರಕ್ಕೆ 14 ಜನ ಬಿಟ್ಟಿದ್ದರು. ಮಾಮೂಲಿ ಸೇವೆಯಲ್ಲಿ 6 ಜನ. ವರ್ಷದ ಕೊನೆಗೆ ಅದು 15 ಮತ್ತು 10 ಆಯಿತು.

ಸಂಖ್ಯೆ ಚಿಕ್ಕದೆಂದು ಮುಖ ಸಣ್ಣದು ಮಾಡಬೇಡಿ. ಇದು ಒಂದು ಪ್ರಯತ್ನದ ಲೆಕ್ಕ. ಮಾನಸಿಕ ಕಾಯಿಲೆ ಇಲ್ಲದವರೂ ಬಹಳಷ್ಟು ಸಲ ಬಿಟ್ಟು ಹಿಡಿದು ಕೊನೆಗೆ ಬಿಡುತ್ತಾರೆ. ಈ ಅಂಕಿಗಳಿಂದ ನಾನು ತಿಳಿಯುವುದು ಇಷ್ಟು: ‘ಆಗದ ಮಾತು’ ಎಂಬುದು ಸುಳ್ಳು, ಮತ್ತು ಆಸರೆ ಇದ್ದಾಗ ಬಿಡುವವರ ಸಂಖ್ಯೆ ಎರಡು ಪಟ್ಟು ಆಗಬಲ್ಲದು.

ಎರಡನೆಯ ಹೆಜ್ಜೆ: ಕೇಳಬೇಕಾದ ಪ್ರಶ್ನೆಗಳು

ರೋಗಿಯನ್ನೇ ಕೇಳಿ. ಪಕ್ಕದಲ್ಲಿ ಕುಳಿತ ಅಣ್ಣನನ್ನು ಕೇಳಿ ರೋಗಿಯ ಬಗ್ಗೆ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅದು ಅವಮಾನವೂ ಹೌದು, ತಪ್ಪು ಮಾಹಿತಿಗೆ ದಾರಿಯೂ ಹೌದು.

ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವ ಪ್ರಶ್ನೆ ಬೆಳಗಿನ ಮೊದಲ ಬೀಡಿಯದು. ಗಡಿಯಾರ ನೋಡಿ ಹೇಳಲು ಎಲ್ಲರಿಗೂ ಬರುವುದಿಲ್ಲ. ಹೀಗೆ ಕೇಳಿ: “ಕಾಕಾ, ಎದ್ದ ಮೇಲೆ ಮೊದಲ ಬೀಡಿ ಯಾವಾಗ ಹಚ್ಚುತ್ತೀರಿ? ಹಾಸಿಗೆಯಲ್ಲೇನು, ಮುಖ ತೊಳೆದ ಮೇಲೇನು, ಚಹಾ ಆದ ಮೇಲೇನು, ಹೊಲಕ್ಕೆ ಹೋದ ಮೇಲೇನು?” ಹಾಸಿಗೆಯಲ್ಲೇ, ಅಂದರೆ ಐದು ನಿಮಿಷದೊಳಗೆ, ಹಚ್ಚುವವರಿಗೆ 3 ಅಂಕ. ಅರ್ಧ ಗಂಟೆಯೊಳಗೆ ಹಚ್ಚಿದರೆ 2, ಒಂದು ಗಂಟೆಯೊಳಗೆ 1, ಅದಕ್ಕೂ ತಡವಾದರೆ ಸೊನ್ನೆ. ದಿನಕ್ಕೆ ಎಷ್ಟು ಎಂಬುದಕ್ಕೂ ಅಂಕವಿದೆ: ಹತ್ತರವರೆಗೆ ಸೊನ್ನೆ, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೂ ಮೇಲೆ 3. ಎರಡನ್ನೂ ಕೂಡಿಸಿ. 2ರೊಳಗೆ ಇದ್ದರೆ ನಿಕೋಟಿನ್ ಹಿಡಿತ ಕಡಿಮೆ, 3–4 ಮಧ್ಯಮ, 5–6 ಗಟ್ಟಿ. ಈ ಅಳತೆಯನ್ನು ಸಿಗರೇಟಿಗೆಂದು ಮಾಡಿದ್ದು. ಬೀಡಿಯನ್ನು ಜನ ಕಟ್ಟಿನ ಲೆಕ್ಕದಲ್ಲಿ ಕೊಳ್ಳುತ್ತಾರೆ, ಅರ್ಧ ಸೇದಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಗೆಳೆಯರಿಗೆ ಕೊಡುತ್ತಾರೆ. ಆದ್ದರಿಂದ ಬೀಡಿಯವರ ವಿಷಯದಲ್ಲಿ ಎಣಿಕೆಗಿಂತ ಬೆಳಗಿನ ಸಮಯವನ್ನೇ ಹೆಚ್ಚು ನಂಬುವುದು ಒಳ್ಳೆಯದು. ಬೀಡಿ ಚಿಕ್ಕದು, ಎಲೆಯದು, ಹಾಗಾಗಿ ಹಗುರ ಎಂಬ ಮಾತನ್ನು ಮಾತ್ರ ನಂಬಬೇಡಿ. ಅದು ಆರಿಹೋಗದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ, ಹೊಗೆ ಆಳಕ್ಕೆ ಹೋಗುತ್ತದೆ.

ಎರಡನೆಯದು, ಹಿಂದೆ ಎಷ್ಟು ದಿನ ಬಿಟ್ಟಿದ್ದರು ಎಂಬುದು. ‘ಯಾವಾಗಲಾದರೂ ಬಿಟ್ಟಿದ್ದೀರಾ’ ಎಂದರೆ ಬಹುತೇಕರು ಇಲ್ಲ ಎನ್ನುತ್ತಾರೆ. ನಮ್ಮ ಕಡೆಯ ಬದುಕನ್ನು ಹಿಡಿದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಶ್ರಾವಣದಲ್ಲಿ ಸೇದುತ್ತೀರಾ? ಅಯ್ಯಪ್ಪನ ಮಾಲೆ ಹಾಕಿದಾಗ? ರಂಜಾನ್ ರೋಜಾ ಇದ್ದಾಗ ಸಂಜೆಯವರೆಗೆ ಹೇಗೆ ತಡೆದಿರಿ? ಆಸ್ಪತ್ರೆಗೆ ಸೇರಿಸಿದಾಗ ವಾರ್ಡಿನಲ್ಲಿ ಏನು ಮಾಡಿದಿರಿ? ತಿಂಗಳುಗಟ್ಟಲೆ ಬಿಟ್ಟ ಅನುಭವ ಇದ್ದವರಿಗೆ ಮುಂದೆಯೂ ಸಾಧ್ಯತೆ ಹೆಚ್ಚು. ಒಂದು ದಿನವೂ ಬಿಡಲಾಗದವರಿಗೆ ಔಷಧದ ಆಸರೆ ಇಲ್ಲದೆ ಬೀಡಿ ಬಿಡುವ ದಿನ ಗೊತ್ತು ಮಾಡುವುದು ತರವಲ್ಲ. ಮತ್ತೆ ಯಾಕೆ ಹಿಡಿದಿರಿ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಮುಂದಿನ ಸಲದ ಅಪಾಯ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಮೂರನೆಯದು ಮನಸ್ಸು. ಇಲ್ಲಿ ಎರಡು ಬೇರೆ ಸಂಗತಿಗಳಿವೆ, ಕೂಡಿಸಿ ಕೇಳಬಾರದು. “ಬಿಡಬೇಕೆಂಬ ಆಸೆ ರೂಪಾಯಿಗೆ ಎಷ್ಟಾಣೆ ಇದೆ?” ಎಂದು ಕೇಳಿ. ಆಮೇಲೆ “ಬಿಡಬಲ್ಲೆ ಎಂಬ ನಂಬಿಕೆ ಎಷ್ಟಾಣೆ?” ಎಂದು ಕೇಳಿ. ಹಿರಿಯರಿಗೆ ಹತ್ತರಲ್ಲಿ ಎಷ್ಟು ಎನ್ನುವುದಕ್ಕಿಂತ ಹದಿನಾರಾಣೆಯ ಲೆಕ್ಕ ಬೇಗ ಹಿಡಿಯುತ್ತದೆ. ಆಸೆ ಹೆಚ್ಚಿದ್ದವರು ಪ್ರಯತ್ನಕ್ಕೆ ಇಳಿಯುತ್ತಾರೆ. ಆದರೆ ಇಳಿದ ಮೇಲೆ ಉಳಿಯುತ್ತಾರೋ ಇಲ್ಲವೋ ಎಂಬುದನ್ನು ಆಸೆಗಿಂತ ನಿಕೋಟಿನ್ ಹಿಡಿತವೇ ಚೆನ್ನಾಗಿ ಹೇಳುತ್ತದೆ ಎಂದು ಸಾಮಾನ್ಯ ಧೂಮಪಾನಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ‘ಮನಸ್ಸು ಗಟ್ಟಿ ಮಾಡಿದರೆ ಸಾಕು’ ಎಂದು ರೋಗಿಯನ್ನು ಬಯ್ಯುವವರು ಇದನ್ನು ಎರಡು ಸಲ ಓದಬೇಕು.

ಕೊನೆಯದು ಸುತ್ತಲಿನ ಜನ. ಮನೆಯಲ್ಲಿ ಅಪ್ಪನೋ ಅಣ್ಣನೋ ಸೇದುತ್ತಾರೆಯೇ? ದಿನವಿಡೀ ಕೆಲಸವಿಲ್ಲದೆ ಕೂರುವ ಜಾಗ ಯಾವುದು, ಪಾನ್ ಅಂಗಡಿಯ ಕಟ್ಟೆಯೇ? ಕುಡಿತ ಇದೆಯೇ? ಇವು ಮೂರೂ ಅಡ್ಡಿಗಳು. ಇನ್ನೊಂದು ಅಡ್ಡಿಯನ್ನು ಮನೆಯವರೇ ಕಟ್ಟಿರುತ್ತಾರೆ: ‘ಮಾತ್ರೆ ನುಂಗು, ಬೀಡಿ ಕೊಡುತ್ತೇನೆ’ ಎಂಬ ಒಪ್ಪಂದ. ಸುಸ್ತಾದ ತಾಯಿಯೊಬ್ಬಳು ಈ ದಾರಿ ಹಿಡಿದದ್ದು ನನಗೆ ಅರ್ಥವಾಗುತ್ತದೆ, ಅವಳನ್ನು ದೂರುವುದಿಲ್ಲ. ಆದರೆ ಬೀಡಿ ಬಿಡಿಸುವ ದಿನಕ್ಕೆ ಮೊದಲೇ ಆ ಒಪ್ಪಂದದ ಜಾಗಕ್ಕೆ ಬೇರೆ ಏನಾದರೂ ಬರಬೇಕು. ಇಲ್ಲದಿದ್ದರೆ ಬೀಡಿಯ ಜೊತೆ ಮಾತ್ರೆಯೂ ನಿಲ್ಲುತ್ತದೆ.

ಮೂರನೆಯ ಹೆಜ್ಜೆ: ಕಾಯಿಲೆಯ ಹೆಸರಿಗೆ ಹೆಚ್ಚು ಬೆಲೆ ಕೊಡಬೇಡಿ

ಸ್ಕಿಜೋಫ್ರೇನಿಯಾ ಎಂದ ಕೂಡಲೇ ‘ಆಗುವುದಿಲ್ಲ’ ಎಂದು ಬರೆಯುವುದು ಸರಿಯಲ್ಲ. ಕಾಯಿಲೆ ಈಗ ಹೇಗಿದೆ ಎಂಬುದು ಹೆಸರಿಗಿಂತ ಮುಖ್ಯ. ಅನುಮಾನ, ಕಿವಿಯಲ್ಲಿ ಧ್ವನಿ, ನಿದ್ದೆಗೇಡು ಜೋರಾಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ, ದಿನ ಮುಂದೆ ಹಾಕಿ. ಮರೆವು, ಯೋಜನೆ ಹಾಕಿಕೊಳ್ಳಲಾಗದಿರುವುದು, ಯಾವುದರಲ್ಲೂ ಹುಮ್ಮಸ್ಸಿಲ್ಲದಿರುವುದು ಇದ್ದರೆ ಪ್ರಯತ್ನ ಕಷ್ಟವಾಗುತ್ತದೆ. ಅಂಥವರಿಗೆ ಉದ್ದದ ಉಪದೇಶ ಬೇಡ. ಒಂದು ಭೇಟಿಗೆ ಒಂದೇ ವಿಷಯ ಹೇಳಿ, ಅದನ್ನು ಅವರ ಬಾಯಿಂದ ಹೇಳಿಸಿ, ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕಿಸಿ, ಭೇಟಿಗಳನ್ನು ಹೆಚ್ಚಿಸಿ.

‘ಬಿಡಿಸಿದರೆ ತಲೆ ಕೆಡುತ್ತದೆ’ ಎಂಬ ಭಯಕ್ಕೂ ಇಲ್ಲೇ ಉತ್ತರ ಹೇಳಬೇಕು. ಬೀಡಿ ಸೇದಿದಾಗ ಬರುವ ನೆಮ್ಮದಿಯ ಹೆಚ್ಚಿನ ಭಾಗ, ಹಿಂದಿನ ಬೀಡಿಯ ನಿಕೋಟಿನ್ ಇಳಿದಾಗ ಹುಟ್ಟಿದ ಚಡಪಡಿಕೆ ತಣಿಯುವುದರಿಂದ ಬರುತ್ತದೆ. 2014ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬಿಟ್ಟು ಉಳಿದವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾದದ್ದು ಕಂಡುಬಂತು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ.

ನಾಲ್ಕನೆಯ ಹೆಜ್ಜೆ: ದಿನ ಗೊತ್ತು ಮಾಡುವ ಮೊದಲು ಮಾತ್ರೆಗಳ ಚೀಟಿ ನೋಡಿ

ಇದನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಆ ಕಿಣ್ವ ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮತ್ತು ಒಲಾಂಜಪಿನ್ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಅದಕ್ಕಾಗಿಯೇ ಸೇದುವವರಿಗೆ ಹೆಚ್ಚು ಪ್ರಮಾಣ ಬೇಕಾಗಿರುತ್ತದೆ. ಬೀಡಿ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತಣ್ಣಗಾಗುತ್ತದೆ, ಅದೇ ಮಾತ್ರೆ ರಕ್ತದಲ್ಲಿ ಏರತೊಡಗುತ್ತದೆ. ಕ್ಲೋಜಪಿನ್ ಮಟ್ಟ ಸರಾಸರಿ ಅರ್ಧದಷ್ಟು ಏರಬಹುದು. ವಿಪರೀತ ಮಂಪರು, ಜೊಲ್ಲು, ತಲೆಸುತ್ತು, ಮಲಬದ್ಧತೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಪ್ರಮಾಣ ಇಳಿಸುವುದು ಅವರ ಕೆಲಸ, ನೀವೇ ಮಾತ್ರೆ ಮುರಿದು ಕೊಡಬೇಡಿ. ರಕ್ತದಲ್ಲಿ ಔಷಧದ ಮಟ್ಟ ನೋಡುವ ಪರೀಕ್ಷೆ ಎಲ್ಲ ಊರಲ್ಲಿ ಸಿಗದ ಕಾರಣ ಮನೆಯವರ ಕಣ್ಣೇ ಮುಖ್ಯ.

ಮಲಬದ್ಧತೆಯ ಮಾತನ್ನು ಒತ್ತಿ ಹೇಳುತ್ತೇನೆ. ಬೆಳಗಿನ ಬೀಡಿ ಇಲ್ಲದೆ ಹೊಟ್ಟೆ ಹಗುರಾಗುವುದಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಬೀಡಿ ಬಿಟ್ಟಾಗ ಮಲಬದ್ಧತೆ ಬರುವುದು ನಿಜ, ಕ್ಲೋಜಪಿನ್ ಕೂಡ ಅದನ್ನೇ ಮಾಡುತ್ತದೆ, ಎರಡೂ ಸೇರಿದರೆ ಅಪಾಯ. ನೀರು, ಸೊಪ್ಪು, ನಡಿಗೆ ಸಾಲದಿದ್ದರೆ ಔಷಧ ಕೇಳಿ. ಎರಡು ಮೂರು ದಿನ ಮಲವಿಸರ್ಜನೆ ಆಗದೆ ಹೊಟ್ಟೆ ಉಬ್ಬಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಚಹಾದ ಕೆಫೀನನ್ನೂ ಅದೇ ಕಿಣ್ವ ಕರಗಿಸುತ್ತದೆ. ಬೀಡಿ ಬಿಟ್ಟ ಮೇಲೆ ಅಷ್ಟೇ ಚಹಾ ಕುಡಿದರೂ ಅದು ಹೆಚ್ಚು ಕಾಲ ಮೈಯಲ್ಲಿ ನಿಲ್ಲುತ್ತದೆ. ಕೈನಡುಕ, ನಿದ್ದೆ ಬಾರದಿರುವುದು ಶುರುವಾಗುತ್ತದೆ, ಕಾಯಿಲೆ ಮರಳಿತು ಎಂದು ಮನೆಯವರು ಹೆದರುತ್ತಾರೆ. ಚಹಾವನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಿ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಚಹಾವನ್ನು ಒಮ್ಮೆಲೇ ಬಿಡಬಾರದು, ಲಿಥಿಯಂ ಮಟ್ಟ ಏರಬಹುದು. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಮೈಯ ನೀರು ಬತ್ತಿದಾಗಲೂ ಅದು ಏರುತ್ತದೆ, ಹಾಗಾಗಿ ಅಂಥವರಿಗೆ ಬೇಸಿಗೆಯ ನಡುವೆ ದಿನ ಗೊತ್ತು ಮಾಡದಿದ್ದರೆ ಒಳಿತು.

ಬಿಡಲು ನೆರವಾಗುವ ಔಷಧಗಳ ವಿಷಯ. ವರೆನಿಕ್ಲಿನ್ ಮೇಲಿದ್ದ ಮಾನಸಿಕ ಅಡ್ಡಪರಿಣಾಮದ ಕಠಿಣ ಎಚ್ಚರಿಕೆಯನ್ನು ಈಗಲ್ಸ್ ಅಧ್ಯಯನದ ನಂತರ, 2016ರ ಡಿಸೆಂಬರಿನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತೆಗೆದುಹಾಕಿತು. ವೈದ್ಯರು ಬರೆದರೆ ಹೆದರಬೇಕಿಲ್ಲ, ವಾಕರಿಕೆ ಮತ್ತು ವಿಚಿತ್ರ ಕನಸು ಬಂದರೆ ತಿಳಿಸಿ. ಬುಪ್ರೋಪಿಯಾನ್ ಫಿಟ್ಸ್ ಇರುವವರಿಗೆ ಆಗದು, ಕ್ಲೋಜಪಿನ್ ಜೊತೆ ಹೆಚ್ಚಿನ ಎಚ್ಚರ ಬೇಕು. ನಿಕೋಟಿನ್ ಗಮ್ 2 ಮಿಲಿಗ್ರಾಂನದು ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ಬೇಕಾಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಅಗಿಯುತ್ತಲೇ ಇರಬಾರದು. ಮೆಲ್ಲಗೆ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ದವಡೆಯ ಪಕ್ಕ ಇಟ್ಟುಕೊಳ್ಳಬೇಕು, ಚುರುಕು ಇಳಿದಾಗ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ ಕುಡಿಯಬಾರದು. ಗುಟ್ಕಾ ತಿಂದು ಬಾಯಿ ಪೂರ್ತಿ ತೆರೆಯಲಾಗದವರಿಗೆ ಗಮ್ ಅಗಿಯಲು ಬಾರದು, ಅವರಿಗೆ ಪಟ್ಟಿ ಸರಿ. ಗಮ್ಮಿನಲ್ಲಾಗಲಿ ಪಟ್ಟಿಯಲ್ಲಾಗಲಿ ಹೊಗೆ ಇಲ್ಲ, ಆದ್ದರಿಂದ ಅವು ಆ ಕಿಣ್ವವನ್ನು ಚುರುಕುಗೊಳಿಸುವುದಿಲ್ಲ. ಗಮ್ ಬಳಸಿದರೂ ಕ್ಲೋಜಪಿನ್ ಎಚ್ಚರ ತಪ್ಪಿಸುವಂತಿಲ್ಲ.

ಎಲ್ಲಿ ಹೋಗಬೇಕು? ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ. ದೂರವಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಶಿಬಿರ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ತಂಬಾಕು ಬಿಡಲು ಉಚಿತ ದೂರವಾಣಿ 1800-11-2356, ಬೀಡಿ ಸಿಗರೇಟ್ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ಮಾನಸಿಕ ತೊಂದರೆಗೆ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು.

ಐದನೆಯ ಹೆಜ್ಜೆ: ಹಾಳೆಯ ಮೇಲೆ ಅಂದಾಜು ಬರೆಯಿರಿ

ನೂರಕ್ಕೆ 10–15 ಎಂಬಲ್ಲಿಂದ ಶುರು ಮಾಡಿ. ಅನುಕೂಲ ಒಂದು ಕಡೆ, ಅಡ್ಡಿ ಇನ್ನೊಂದು ಕಡೆ ಬರೆಯಿರಿ. ಒಂದು ಉದಾಹರಣೆ ಊಹಿಸಿಕೊಳ್ಳೋಣ. ಸೇಡಂ ಕಡೆಯ ನಲವತ್ತರ ಆಸುಪಾಸಿನ ವ್ಯಕ್ತಿ, ಸ್ಕಿಜೋಫ್ರೇನಿಯಾ ಹತೋಟಿಯಲ್ಲಿದೆ, ಒಲಾಂಜಪಿನ್ ತಪ್ಪದೆ ತೆಗೆದುಕೊಳ್ಳುತ್ತಾನೆ. ಹಾಸಿಗೆಯಲ್ಲೇ ಬೀಡಿ ಹಚ್ಚುತ್ತಾನೆ. ಅಣ್ಣನೂ ಸೇದುತ್ತಾನೆ. ಆದರೆ ಒಮ್ಮೆ ಮಾಲೆ ಹಾಕಿ ಮಂಡಲ ಪೂರ್ತಿ ಬಿಟ್ಟಿದ್ದ. ಆಸೆ ಹದಿನಾಲ್ಕಾಣೆ, ನಂಬಿಕೆ ನಾಲ್ಕಾಣೆ. ಇವನ ಸಾಧ್ಯತೆ ಸರಾಸರಿಗಿಂತ ತುಸು ಕೆಳಗೆ ಎಂದು ಬರೆಯಬಹುದು. ಆದರೆ ಕೆಳಗೆ ಎಳೆಯುತ್ತಿರುವವು ಎರಡೇ: ಬೆಳಗಿನ ಬೀಡಿ ಮತ್ತು ಅಣ್ಣ. ಮೊದಲನೆಯದಕ್ಕೆ ಔಷಧವಿದೆ, ಹಾಸಿಗೆಯ ಬಳಿ ಗಮ್ ಇಡಬಹುದು. ಎರಡನೆಯದಕ್ಕೆ ಅಣ್ಣನನ್ನು ಕೂರಿಸಿ ಮಾತಾಡಬೇಕು. ಅವನೂ ಜೊತೆಗೆ ಬಿಟ್ಟರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಮನೆಯೊಳಗೆ ಸೇದುವುದಿಲ್ಲ, ಕಟ್ಟನ್ನು ಎದುರಿಗಿಡುವುದಿಲ್ಲ ಎಂದಾದರೂ ಒಪ್ಪಿಕೊಳ್ಳಲಿ. ನಾಲ್ಕಾಣೆಯ ನಂಬಿಕೆ ಏರಬೇಕಾದರೆ ಆ ಮಂಡಲದ ದಿನಗಳನ್ನು ಅವನಿಗೇ ನೆನಪಿಸಿ ಹೇಳಿಸಬೇಕು.

ದಿನ ಆರಿಸುವಾಗ ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು, ಮನೆಯ ಮದುವೆ ಇವುಗಳ ಮುನ್ನಾದಿನ ಬೇಡ. ದುಡಿಯಲು ಹೈದರಾಬಾದಿಗೋ ಪುಣೆಗೋ ಹೊರಡುವ ವಾರವೂ ಬೇಡ.

ಆರನೆಯ ಹೆಜ್ಜೆ: ಎರಡು ವಾರ ಕಳೆದ ಮೇಲೆ ಅಂದಾಜನ್ನು ಬದಲಿಸಿ

ಮೊದಲು ಕೇಳಿದ ಎಲ್ಲ ಪ್ರಶ್ನೆಗಳಿಗಿಂತ ಗಟ್ಟಿಯಾದ ಸೂಚನೆ ಬಿಟ್ಟ ನಂತರದ ಹದಿನಾಲ್ಕು ದಿನಗಳಲ್ಲಿ ಸಿಗುತ್ತದೆ. ಎರಡನೆಯ ವಾರದಲ್ಲಿ ಸೇದಿದರೋ ಇಲ್ಲವೋ ಎಂಬುದು ಆರು ತಿಂಗಳ ಫಲವನ್ನು ಚೆನ್ನಾಗಿ ಹೇಳುತ್ತದೆ ಎಂದು ನಿಕೋಟಿನ್ ಪಟ್ಟಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 1994ರಲ್ಲೇ ತೋರಿಸಿತ್ತು. ಆದ್ದರಿಂದ ನಿಮ್ಮ ಶಕ್ತಿಯನ್ನೆಲ್ಲ ಇಲ್ಲಿ ಹಾಕಿ. ತಿಂಗಳಿಗೊಮ್ಮೆ ಬಂದು ಕೇಳುವುದಕ್ಕಿಂತ ಮೊದಲ ವಾರ ದಿನಾ ಒಂದು ಫೋನ್ ಮಾಡುವುದು ಮೇಲು.

ಚಡಪಡಿಕೆ, ಸಿಟ್ಟು, ನಿದ್ದೆಗೇಡು, ಹಸಿವು ಬಿಟ್ಟ ದಿನವೇ ಶುರುವಾಗುತ್ತವೆ, ಮೊದಲ ವಾರದಲ್ಲಿ ಜೋರಾಗಿರುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಇಳಿಯುವ ಬದಲು ದಿನೇ ದಿನೇ ಏರಿದರೆ, ಹೊಸ ಅನುಮಾನ ಅಥವಾ ಧ್ವನಿ ಕಂಡರೆ, ಸಾಯುವ ಮಾತಾಡಿದರೆ ಅದನ್ನು ಬೀಡಿಯ ಲೆಕ್ಕಕ್ಕೆ ಹಾಕಬೇಡಿ, ಅಂದೇ ವೈದ್ಯರನ್ನು ಕಾಣಿ.

ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರ ಸಿಕ್ಕರೆ ಬಳಸಿ. ಅಂಕಿ ಇಳಿಯುವುದನ್ನು ಕಣ್ಣಾರೆ ಕಂಡ ರೋಗಿಗೆ ಹುರುಪು ಬರುತ್ತದೆ. ಆದರೆ ಅದು ಹೇಳುವುದು ಹೆಚ್ಚೆಂದರೆ ಹಿಂದಿನ ಒಂದು ದಿನದ ಹೊಗೆಯ ಸುದ್ದಿ. ಬೀಡಿ ಬಿಟ್ಟು ಗುಟ್ಕಾ ಅಥವಾ ಸುಣ್ಣ-ತಂಬಾಕು ಹಿಡಿದರೆ ಯಂತ್ರಕ್ಕೆ ತಿಳಿಯುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆಯನ್ನು ಪ್ರತಿ ಸಲ ಕೇಳಲೇಬೇಕು.

ಮೂರು ತಿಂಗಳು ಸೇದದೆ ಉಳಿದವರಿಗೆ ಬೀಡಿ ಬಿಡಲು ಕೊಟ್ಟ ಔಷಧವನ್ನು ‘ಇನ್ನು ಸಾಕು’ ಎಂದು ನಿಲ್ಲಿಸುವ ಅವಸರ ಬೇಡ. ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಕಾಯಿಲೆ ಇದ್ದವರ ಮೇಲಿನ 2014ರ ಅಧ್ಯಯನವೊಂದರಲ್ಲಿ, 12 ವಾರಕ್ಕೆ ಬಿಟ್ಟಿದ್ದವರ ಪೈಕಿ ವರೆನಿಕ್ಲಿನ್ ಮತ್ತು ಸಮಾಲೋಚನೆ ಎರಡನ್ನೂ ಮುಂದುವರಿಸಿದವರಲ್ಲಿ ವರ್ಷದ ಕೊನೆಗೆ ನೂರಕ್ಕೆ 60 ಜನ ಬಿಟ್ಟೇ ಇದ್ದರು. ಸಮಾಲೋಚನೆಯ ಜೊತೆ ಹುಸಿಮಾತ್ರೆ ಪಡೆದವರಲ್ಲಿ ಉಳಿದದ್ದು 19. ಮುಂದುವರಿಸಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ.

ಮತ್ತೆ ಸೇದಿಬಿಟ್ಟರೆ? ಒಂದು ಬೀಡಿ ಸೇದಿದ್ದರೆ ಅದೇ ದಿನ ಮತ್ತೆ ಶುರು ಮಾಡಿಸಿ, ಗದರಿಸಬೇಡಿ. ಗದರಿಸಿದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಪೂರ್ತಿ ಮರಳಿ ಹಿಡಿದಿದ್ದರೆ, ಎಷ್ಟು ದಿನ ಬಿಟ್ಟಿದ್ದರು, ಯಾರ ಜೊತೆ, ಯಾವ ಹೊತ್ತಿನಲ್ಲಿ ಹಿಡಿದರು ಎಂದು ಅದೇ ಹಾಳೆಯಲ್ಲಿ ಬರೆದಿಡಿ, ಕೆಲವು ವಾರ ಬಿಟ್ಟು ಹೊಸ ದಿನ ಗೊತ್ತು ಮಾಡಿ. ಕ್ಲೋಜಪಿನ್ ಅಥವಾ ಒಲಾಂಜಪಿನ್ ಪ್ರಮಾಣ ಇಳಿಸಿದ್ದರೆ ಮರಳಿ ಸೇದುತ್ತಿರುವುದನ್ನು ವೈದ್ಯರಿಗೆ ಆ ವಾರವೇ ತಿಳಿಸಿ. ಕಿಣ್ವ ಮತ್ತೆ ಚುರುಕಾಗಿ ಔಷಧದ ಮಟ್ಟ ಬೀಳುತ್ತದೆ, ಕಾಯಿಲೆ ಮರುಕಳಿಸುವ ಅಪಾಯವಿರುತ್ತದೆ. ಆಸ್ಪತ್ರೆಯಲ್ಲಿ ಬೀಡಿ ಇಲ್ಲದೆ ಇದ್ದು, ಬಿಡುಗಡೆಯಾದ ದಿನ ಬಸ್ ನಿಲ್ದಾಣದಲ್ಲೇ ಒಂದು ಕಟ್ಟು ಕೊಂಡವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.